ನಿನ್ನ ಭಾವನ ಕೈಗಡಿಯಾರ

ಪ್ರೀತಿಯ ತಂಗೀ,

ಹಡಗಿಳಿದು ಫ್ರಾನ್ಸಿಗೆ ಕಾಲಿಟ್ಟ ಕೂಡಲೇ ಗಡಿಯಾರವನ್ನು ಒಂದು ಗಂಟೆ ಮುಂದಿಡಿ ಎಂದೆ. ನಿನ್ನ ಭಾವ ಕೇಳಬೇಕಲ್ಲ! "ಇಂಗ್ಲೆಂಡಿನ ಟೈಮೇ ಸರಿಯಾದ ಟೈಮು ಕಣೇ," ಎಂದರು. ನಮ್ಮ ರಜೆಮನೆಯ ಬೀಗದಕೈ ಇರುವುದು ಪಕ್ಕದ ಮನೆಯ ಮದಾಂ ಬೊನಾಫೂ ಬಳಿ. ಅವರ ಬಾಗಿಲು ತಟ್ಟಿದಾಗ ನಿನ್ನ ಭಾವನಿಗೆ ಹನ್ನೊಂದೂಕಾಲು, ಇಡೀ ಊರಿಗೆ ಹನ್ನೆರಡೂಕಾಲು.

"ಊಟದ ಹೊತ್ತಲ್ಲಿ ಯಾರ್ರೀ ಬೀಗದಕೈ ಕೇಳೋದು? ಎರಡು ಗಂಟೆಗೆ ಬನ್ನಿ!" ಎಂದು ಆಕೆ ಕಿಟಕಿಯಿಂದಲೇ ಗದರಿದರು.

"ಊಟದ ಹೊತ್ತು ಹನ್ನೆರಡಕ್ಕಲ್ವಾ, ಇನ್ನೂ ಆಗಿಲ್ವಲ್ಲ!" ಎಂದು ಇವರು ವಾಚು ತೋರಿಸಿದರು.

"ಹಾಗಾದ್ರೆ ನೀವು ಹೊರಗೇ ಇರಿ. ನೀನು ಒಳಗೆ ಬಾರಮ್ಮ," ಎಂದು ಮದಾಂ ನನ್ನನ್ನು ಊಟಕ್ಕೆ ಕರೆದರು.

ಕಾರಿನಲ್ಲಿ ಕೂತು ಕೂತು ನನ್ನ ಸೊಂಟ ಹಿಡಿದಿದೆ, ಹೊಟ್ಟೆ ಮಾತ್ರ ತುಂಬಿದೆ. ಮದಾಂ ಎರಡನೇ ಸಲ ಬಾತುಕೋಳಿ ಬಡಿಸುತ್ತಿದ್ದಾರೆ, ಬೇಗ ಮುಗಿಸುತ್ತೇನೆ. ನಿನ್ನ ಭಾವ ಮೆಟ್ಟಿಲ ಮೇಲೆ ಕೂತು, ತಮ್ಮ ವಾಚಿನಲ್ಲಿ ಹನ್ನೆರಡಾಗಲಿ ಎಂದು ಕಾಯುತ್ತಿದ್ದಾರೆ.

ನಿನ್ನ ಅಕ್ಕ,
ಮ್ಯೂರಿಯಲ್