ರಕ್ತದ ಮಾತೇ ಮಾತು

ಮಾರ್ಚ್ ೪, ಬೆಳಿಗ್ಗೆ

ಕತ್ತರಿ ಇಲ್ಲ. ಹೊಲಿಗೆ ಮೆಷಿನ್ ಸುತ್ತ ಹುಡುಕಿದ್ದೇ ಬಂತು — ಅಕ್ಕನ ಬೀರುವಿನಲ್ಲಿದೆ, ಬೀಗ ಹಾಕಿ. ಬಚ್ಚಲಮನೆಯ ಚಿಲಕವನ್ನೂ ಭಾವ ಕಿತ್ತಿದ್ದಾರೆ. ಎಲ್ಲ ಆ ಆಸ್ಪತ್ರೆಯ ಸಂಶೋಧನೆಯ ಕೃಪೆ. ನನ್ನ ಹಾಗೆ ಬೈಪೋಲಾರ್, ಅಂದರೆ ಮನಸ್ಸು ಒಮ್ಮೆ ಉಬ್ಬಿ ಒಮ್ಮೆ ಕುಗ್ಗುವ ಕಾಯಿಲೆ ಇರುವವರಿಗೆ ಸಾಯುವ ಯೋಚನೆ ಬಂದರೆ ರಕ್ತದಲ್ಲಿ ಸುಳಿವು ಸಿಗುತ್ತದೆಯೇ ಅಂತ ನೋಡುತ್ತಾರಂತೆ. ನಾನೇ ಒಪ್ಪಿ ಕೈ ಚಾಚಿದ್ದು. ಫಲಿತಾಂಶ ಯಾರಿಗೂ ಹೇಳುವುದಿಲ್ಲ ಅಂದಿದ್ದರು. ಭಾವ ಲ್ಯಾಬಿನವನ ಬೆನ್ನುಬಿದ್ದು ಬಾಯಿಬಿಡಿಸಿದರು. ಅಪಾಯ “ಹೆಚ್ಚು” ಅಂತೆ.

ನಾನು ಚೆನ್ನಾಗಿದ್ದೇನೆ! ನಿದ್ದೆ ಬರುತ್ತಿದೆ. ಮಾತ್ರೆ ತಪ್ಪಿಸಿಲ್ಲ. ಕೋಟುಗಳ ಆರ್ಡರ್ ರಾಶಿ ಬಿದ್ದಿದೆ.

ಮಾರ್ಚ್ ೬

ಈಗ ಅಕ್ಕ ಎದುರಿಗೆ ಕೂತು ಕತ್ತರಿ ಕೊಡುತ್ತಾಳೆ. ಬಟ್ಟೆ ಕತ್ತರಿಸಿದ ಕೂಡಲೇ ವಾಪಸ್.

“ನನ್ನನ್ನೇ ಒಂದು ಮಾತು ಕೇಳ್ಬಾರ್ದಾ, ಹೇಗಿದೀಯ ಅಂತ?”

“ನೀನು ಚೆನ್ನಾಗಿದೀನಿ ಅಂತಾನೇ ಅಂತೀಯ ಕಣೇ. ರಕ್ತ ಸುಳ್ಳು ಹೇಳುತ್ತಾ?”

ಮೈಯೆಲ್ಲ ಉರಿದುಹೋಯಿತು. ಅಂದರೆ ಸುಳ್ಳಿ ನಾನು!

ಮಾರ್ಚ್ ೧೩

ಭಾವನನ್ನು ನನಗೆ ಮಾತ್ರೆ ಕೊಡುವ ಡಾಕ್ಟರಮ್ಮನ ಮುಂದೆ ನಿಲ್ಲಿಸಿದೆ. ಲ್ಯಾಬಿನವನಿಗೂ ಇವರಿಗೂ ಸೇರಿಸಿ ಚೆನ್ನಾಗಿ ಉಗಿದರು. “ಇದಿನ್ನೂ ಸಂಶೋಧನೆ ರೀ. ನೂರಾರು ಜನರ ರಕ್ತ ನೋಡಿದ್ರೆ ಏನೋ ಅಂದಾಜು ಸಿಗಬಹುದು. ಇವರ ಮನಸ್ಸಲ್ಲಿ ಏನಿದೆ ಅಂತ ಇವರನ್ನೇ ಕೇಳಿ.”

ಭಾವ ತಲೆಯಾಡಿಸಿದರು. ಹೊರಗೆ ಬಂದು, “ಅವರು ಹಾಗೇ ಹೇಳ್ತಾರೆ, ನಮ್ಮ ಹುಷಾರಲ್ಲಿ ನಾವಿರೋಣ” ಅಂದರು. ಕೋಣನ ಮುಂದೆ ಕಿನ್ನರಿ.

ಮೇ ೨೯

ಎರಡನೇ ಸಲದ ರಕ್ತ. ಈ ಸಲ “ಕಡಿಮೆ”ಯಂತೆ — ಭಾವನಿಗೆ ಮತ್ತೆ ಯಾವನು ಊದಿದನೋ. ಚಿಲಕ ಬಂತು, ಕತ್ತರಿ ಬಂತು. ಅಕ್ಕ ಸಿಹಿ ಮಾಡಿದಳು. ತಿನ್ನದೆ ತಟ್ಟೆ ಸರಿಸಿದೆ. ಮೆಷಿನ್ ಮುಟ್ಟಿ ಎಷ್ಟು ದಿನವಾಯಿತೋ. ಯಾಕಾದರೂ ಬೆಳಗಾಗುತ್ತದೋ...

ಮೇ ೩೧

ಹೇಳಿದೆ. “ಅಕ್ಕಾ, ಯಾಕೋ ಸರಿ ಇಲ್ಲ ನಾನು.”

“ಸುಸ್ತು ಕಣೇ. ರಿಪೋರ್ಟ್ ಚೆನ್ನಾಗಿದೆಯಲ್ಲ.”

ಚೆನ್ನಾಗಿದ್ದೇನೆ ಅಂದಾಗ ನಂಬಲಿಲ್ಲ. ಚೆನ್ನಾಗಿಲ್ಲ ಅಂದರೂ ನಂಬುವುದಿಲ್ಲ. ಥೂ, ಇವರ ರಿಪೋರ್ಟಿಗೆ ಬೆಂಕಿ ಬೀಳ! ನನ್ನ ಬಾಯಿ ಇರುವುದು ಯಾಕೆ ಹಾಗಾದರೆ?

ಜೂನ್ ೧, ಮಧ್ಯಾಹ್ನ

ಡಾಕ್ಟರಮ್ಮನಿಗೆ ಫೋನ್ ಮಾಡಿದೆ. ಸಾಯಬೇಕು ಅನ್ನಿಸುತ್ತಿದೆ ಅಂತ ಬಾಯಿಬಿಟ್ಟು ಹೇಳಿದೆ. ರಿಪೋರ್ಟಿನ ಸುದ್ದಿಯನ್ನೇ ಎತ್ತಲಿಲ್ಲ ಅವರು. “ಈಗಲೇ ಬನ್ನಿ. ಒಬ್ಬರೇ ಬರಬೇಡಿ. ಮನೇಲಿ ಯಾರಿದಾರೆ?”

ಅಕ್ಕ ಬಟ್ಟೆ ಮಡಚುತ್ತಿದ್ದಳು. ಹೋಗಿ ಎದುರಿಗೆ ನಿಂತೆ.

“ಮತ್ತೆ ರಿಪೋರ್ಟ್ ಅಂದ್ರೆ ನೋಡು! ಸಾಯ್ಬೇಕು ಅನ್ನಿಸ್ತಿದೆ ಕಣೇ ನಂಗೆ.”

ಬಟ್ಟೆ ಕೈಬಿಟ್ಟಳು. ಆಮೇಲೆ ನನ್ನನ್ನು ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡು, “ಯಾವಾಗಿಂದ್ಲೇ?” ಅಂದಳು.

ಇದೊಂದು ಪ್ರಶ್ನೆಗೆ ಇಷ್ಟು ತಿಂಗಳು! ಅತ್ತುಬಿಟ್ಟೆ. ಬಾಯಿಗೆ ಬಂದಂತೆ ಬೈದೆ. ಬೈಸಿಕೊಳ್ಳುತ್ತಲೇ ನನ್ನ ಕಣ್ಣೊರೆಸಿದಳು. ಈಗ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತು ಕೂಗುತ್ತಿದ್ದಾಳೆ, ಬಾರೇ ಅಂತ. ಬೈಯುವುದು ಇನ್ನೂ ಮುಗಿದಿಲ್ಲ. ಆಸ್ಪತ್ರೆ ದೂರ ಇದೆ, ಉಳಿದದ್ದನ್ನು ದಾರಿಯಲ್ಲಿ ಬೈಯುತ್ತೇನೆ.