ಮಿಸ್ಸಿನ ಗಂಟಲು ಕಟ್ಟಿದ ತಿಂಗಳು

ಶನಿವಾರ, ಸಂಜೆ

ಸಿಡುಕಿನ ಅಕ್ಕನಿಗೆ ತಂಗಿಯ ಪ್ರೀತಿಯ ನಮಸ್ಕಾರ.

ಫೋನ್ ಎತ್ತುತ್ತಿಲ್ಲವೆಂದು ನೀನು ಮುಖ ಊದಿಸಿಕೊಂಡು ಕೂತಿರುವುದು ಇಲ್ಲಿಂದಲೇ ಕಾಣುತ್ತಿದೆ. ಏನು ಮಾಡಲಿ? ಗಂಟಲು ಕಟ್ಟಿಹೋಯಿತು. ತುಟಿ ಪಿಟಕ್ಕೆನ್ನಬಾರದೆಂದು ಡಾಕ್ಟರ ಅಪ್ಪಣೆ. ಅದನ್ನು ಕೇಳಿ ನಮ್ಮ ಯಜಮಾನರು ಡಾಕ್ಟರಿಗೆ ಎರಡೆರಡು ಸಲ ಥ್ಯಾಂಕ್ಸ್ ಹೇಳಿ ಬಂದರು.

ನನ್ನ ಓದಿನ ಪಿರಿಯಡ್ಡಿನ ಗೋಳು ನಿನಗೆ ಗೊತ್ತೇ ಇದೆ. ನಾನು ಕಲಿಸುವ ಪರಭಾಷೆಯನ್ನು ಮಕ್ಕಳು ಪರೀಕ್ಷೆಗಲ್ಲದೆ ಖುಷಿಗಾಗಿಯೂ ಓದಲಿ ಎಂದು ಹೆಡ್ ಮಿಸ್ಸಿಗೆ ದುಂಬಾಲು ಬಿದ್ದು ವಾರಕ್ಕೊಂದು ಪಿರಿಯಡ್ ಗಿಟ್ಟಿಸಿಕೊಂಡಿದ್ದೆ. ಬೀರು ತುಂಬ ಕಥೆಪುಸ್ತಕ ಇಟ್ಟೆ. ಓದಿದವರಿಗೆ ಪೆನ್ನು ಕೊಟ್ಟೆ. ಓದಿದ ಮೇಲೆ ಸಾರಾಂಶ, ಹೊಸ ಪದಗಳು, ಕಥೆಯ ನೀತಿ ಬರೆಯಿಸಿದೆ. ಖುಷಿಯಾಗಿ ಓದಿ ಎಂದು ಗದರಿಸಿದೆ ಕೂಡ. ಮಕ್ಕಳು ಪುಸ್ತಕವನ್ನು ಔಷಧಿ ಲೋಟದ ಹಾಗೆ ಹಿಡಿದುಕೊಂಡರು. "ಈ ತಿಂಗಳೂ ಹೀಗೇ ಇದ್ರೆ ಆ ಪಿರಿಯಡ್ ಲೆಕ್ಕದ ಮೇಷ್ಟ್ರಿಗೆ" ಎಂದುಬಿಟ್ಟರು ಹೆಡ್ ಮಿಸ್. ಆ ಮೇಷ್ಟ್ರು ಆಗಲೇ ಬಂದು ಕಪ್ಪುಹಲಗೆ ನೋಡಿಕೊಂಡು ಹೋದರು. ನನಗೆ ಹೊಟ್ಟೆ ಉರಿದುಹೋಯಿತು.

ಸರಿಯಾಗಿ ಆಗಲೇ ಗಂಟಲು ಕೈಕೊಟ್ಟಿತು. ಪಾಠವಿಲ್ಲ, ಪ್ರಶ್ನೆಯಿಲ್ಲ. ಸುಮ್ಮನೆ ಕೂರಲಾಗದೆ ಬೀರುವಿನಿಂದ ಒಂದು ಪುಸ್ತಕ ತೆಗೆದೆ. ಕಳ್ಳನೊಬ್ಬ ಕನ್ನ ಹಾಕಿದ ಮನೆಯಲ್ಲಿ ಮಗು ಎದ್ದು ಕೂರುತ್ತದೆ. ಅದನ್ನು ಮಲಗಿಸದೆ ತಿಜೋರಿಗೆ ಕೈಹಾಕುವಂತಿಲ್ಲ. ಅವನು ಜೋ ಜೋ ಎಂದಷ್ಟೂ ಅದಕ್ಕೆ ಆಟ. ಅಕ್ಕ, ನಾನು ನಕ್ಕೆ! ಸದ್ದಿಲ್ಲ, ಭುಜ ಮಾತ್ರ ಕುಣಿಯುತ್ತಿದೆ, ಕಣ್ಣಲ್ಲಿ ನೀರು. ಇಷ್ಟು ವರ್ಷ ಆ ಭಾಷೆಯಲ್ಲಿ ಬರೀ ತಪ್ಪು ತಿದ್ದಿದ್ದೇನೆ, ಒಮ್ಮೆಯೂ ನಕ್ಕಿರಲಿಲ್ಲ. ಅದನ್ನು ನೆನೆದು ಬೇಜಾರೂ ಆಯಿತು.

ಮುಂದಿನ ಬೆಂಚಿನ ಬಾಯಿಬಡುಕಿ ಎದ್ದು ಬಂದಳು. ಒಂದು ನಿಮಿಷ ಬಾಯಿ ಮುಚ್ಚದ ಹುಡುಗಿ, ಅದಕ್ಕೇ ಆ ಹೆಸರು. "ಮಿಸ್, ಯಾಕ್ ನಗ್ತಿದೀರಾ? ನಮಗೂ ಹೇಳಿ" ಅಂದಳು. ಹೇಳುವುದೆಲ್ಲಿಂದ ಬಂತು? ಗಂಟಲು ತೋರಿಸಿ ಪುಸ್ತಕವನ್ನೇ ಕೈಗಿಟ್ಟೆ. ಯಾವುದೋ ಪದದ ಅರ್ಥ ಕೇಳಿದಳು. ಅದಕ್ಕೂ ಗಂಟಲು ತೋರಿಸಿದೆ. ಗೊಣಗುತ್ತ, ಊಹಿಸುತ್ತ ಓದಿದಳು. ಮಗು ಕಳ್ಳನ ಮೀಸೆ ಜಗ್ಗುವಲ್ಲಿಗೆ ಬಂದವಳೇ ಬೆಂಚು ಗುದ್ದಿ ನಕ್ಕಳು. ಆಮೇಲೆ ಆ ಪುಸ್ತಕಕ್ಕೆ ಕಿತ್ತಾಟ. ಸಿಗದವರು ಬೀರು ಜಾಲಾಡಿದರು.

ತಿಂಗಳ ಕೊನೆಗೆ ಹೆಡ್ ಮಿಸ್ ತಪಾಸಣೆಗೆ ಬಂದರು, ಹಿಂದೆಯೇ ಲೆಕ್ಕದ ಮೇಷ್ಟ್ರು. ಮಕ್ಕಳು ಒಬ್ಬರೂ ತಲೆಯೆತ್ತಲಿಲ್ಲ. ಮೇಷ್ಟ್ರು ಕೆಮ್ಮಿದ್ದಕ್ಕೆ ಬಾಯಿಬಡುಕಿ ತುಟಿಯ ಮೇಲೆ ಬೆರಳಿಟ್ಟು "ಶ್!" ಎಂದಳು. ಪಿರಿಯಡ್ ಉಳಿಯಿತು, ಅಕ್ಕ! "ಇದೇನ್ ವಿಧಾನ ಮೇಡಂ?" ಎಂದು ಹೆಡ್ ಮಿಸ್ ಕೇಳಿದರು. ಗಂಟಲು ತೋರಿಸಿದೆ.

ಫೋನ್ ಮಾಡಬೇಡ, ಬರೆ.

ಇಂತಿ ನಿನ್ನ
ಮೂಗಿ ತಂಗಿ

ತಾ.ಕ.: ನಿನ್ನ ಹತ್ತಿರ ಮುಚ್ಚಿಡುವುದೇನು, ತಪಾಸಣೆಗೆ ಮೊದಲೇ ಗಂಟಲು ಸರಿಹೋಗಿತ್ತು. ಬಾಯಿಬಿಟ್ಟರೆ ಕಥೆಯ ನೀತಿ ಏನು ಎಂದು ಕೇಳಿಯೇ ಬಿಡುತ್ತೇನೆಂಬ ಭಯ. ಲೆಕ್ಕದ ಮೇಷ್ಟ್ರು ಇರುವುದು ನಮ್ಮ ಪಕ್ಕದ ಮನೆಯಲ್ಲೇ, ಅದಕ್ಕೇ ಫೋನೂ ಎತ್ತುತ್ತಿಲ್ಲ. ಯಜಮಾನರಿಗೂ ಹೇಳಿಲ್ಲ, ಪಾಪ, ನೆಮ್ಮದಿಯಾಗಿದ್ದಾರೆ. ಆದರೆ ನಿನ್ನೆ ಕ್ಲಾಸಿನಲ್ಲಿ ನಗುವಾಗ ದನಿ ಹೊರಬಂದೇ ಬಿಟ್ಟಿತು. ಬೆಲ್ ಆದ ಮೇಲೆ ಬಾಯಿಬಡುಕಿ ಹತ್ತಿರ ಬಂದು, "ನಾನ್ ಯಾರಿಗೂ ಹೇಳಲ್ಲ ಮಿಸ್. ಆದ್ರೆ ಆ ಕಳ್ಳನ ಎರಡನೇ ಭಾಗ ತರಿಸ್ಕೊಡಿ" ಅಂದಳು. ನಿಮ್ಮೂರಿನ ಅಂಗಡಿಯಲ್ಲಿ ಸಿಕ್ಕರೆ ಎರಡು ಪ್ರತಿ ಕಳಿಸು. ಅವಳು ಓದಿ ಮುಗಿಸುವ ತನಕ ಕಾಯುವುದು ನನ್ನ ಕೈಲಾಗದು.