ಸುಡಹೊರಟ ಗೋಡೆ

ನೆಬ್ರಾಸ್ಕ, ಮೇ 1880

ಅವ್ವಾ,

ಇಲ್ಲಿ ಕಣ್ಣು ಹಾಯುವಷ್ಟು ದೂರವೂ ಹುಲ್ಲೇ. ಸೌದೆಗೆ ಒಂದು ಮರವಿಲ್ಲ. ನಮ್ಮ ಐರ್ಲೆಂಡಿನಲ್ಲಿ ಜೌಗುಮಣ್ಣು ಕಡಿದು ಒಣಗಿಸಿ ಉರಿಸುವಂತೆಯೇ, ಬಂದ ಹೊಸದರಲ್ಲಿ ಈ ಹುಲ್ಲುನೆಲದ ಹೆಂಟೆಯನ್ನೂ ಒಣಗಿಸಿ ಒಲೆಗೆ ಒಟ್ಟಿದೆ. ಡೇರೆಯ ತುಂಬ ಹೊಗೆ. ಪಕ್ಕದ ಹೊಲದ ಸ್ವೀಡನ್ ಅಜ್ಜಿ ಹೆಡ್ವಿಗ್ ಓಡಿಬಂದು, "ಅಯ್ಯೋ ಪೆದ್ದೇ, ಗೋಡೇನೇ ಸುಡ್ತಿದೀಯಲ್ಲೋ. ಒಲೆಗೆ ಒಣಗಿದ ಸಗಣಿ ಹಾಕು, ಹೆಂಟೇಲಿ ಮನೆ ಕಟ್ಕೋ" ಎಂದಳು. ಹಾಗೆಯೇ ಕಟ್ಟಿದೆವು. ಚಳಿಗಾಲ ಬೆಚ್ಚಗೆ ಕಳೆಯಿತು, ನಿನ್ನ ಸೊಸೆ ನೋರಾಳ ಕೆಮ್ಮೂ ನಿಂತಿತು. ಈಗ ಗೋಡೆಯಲ್ಲೆಲ್ಲ ಹುಲ್ಲು ಚಿಗುರುತ್ತಿದೆ.

ಪೇಟೆಯ ಗಾಡಿ ಹೊರಟಿದೆ, ಮುಗಿಸುತ್ತೇನೆ. ಅಲ್ಲಿ ಧಣಿಯ ಆಳುಗಳು ನಮ್ಮ ಮನೆ ಕೆಡವಿದ್ದನ್ನು ನೆನೆದು ಅಳಬೇಡ. ಇಲ್ಲಿ ನಮ್ಮ ಗೋಡೆಗೆ ಕೈ ಹಾಕುವವರಿಲ್ಲ. ಬಾಯಿ ಹಾಕುವುದು ನಮ್ಮ ಹಸು ಮಾತ್ರ.

ನಿನ್ನ ಮಗ
ಮ್ಯಾಲಕಿ